ಕರಾಟೆ ಕ್ಲಾಸಿನವರು ಲಂಕೆಗೆ ಕಳಿಸಿದ್ದು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮೇಲಕ್ಕೆ ಹತ್ತುವ ರಸ್ತೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಕತ್ತರಿಸುವ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಬಟ್ಟೆ ಹಾರದಿರಲಿ ಎಂದು ಅರ್ಧ ಹಂಚೊಂದನ್ನು ಇಟ್ಟುಕೊಂಡಿದ್ದೇನೆ. ಮೊನ್ನೆ ಬ್ಲೌಸ್ ಕೊಡಲು ಬಂದವರೊಬ್ಬರು ಅದನ್ನು ಎತ್ತಿ ನೋಡಿ, ಇದೆಂತಕ್ಕೆ ಇಲ್ಲಿ ಎಂದು ಕೇಳಿದರು. ಬಾಯಿಗೆ ಬಂದದ್ದು ಏನೋ ಹೇಳಿ ಕಳಿಸಿದೆ. ಅವರು ಹೋದ ಮೇಲೆ ಮಾತ್ರ ಕೈಗೆ ಕತ್ತರಿ ಹತ್ತಲಿಲ್ಲ.

ನಾನು ಹಂಚು ಹೊದೆಸುವವರ ಮಗಳು. ಅಪ್ಪನಿಗೆ ನರಸಿಂಹರಾಜಪುರದಲ್ಲಿ ಅದೇ ಕೆಲಸ. ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಊರಿನ ಯಾವ ಮಾಡಿನ ಮೇಲೆ ನೋಡಿದರೂ ಅಪ್ಪ ಕಾಣುತ್ತಿದ್ದರು. ಮಂಗಗಳು ಸರಿಸಿದ ಹಂಚನ್ನು ಸರಿಮಾಡುವುದು, ಒಡೆದದ್ದನ್ನು ತೆಗೆದು ಹೊಸತು ಕೂರಿಸುವುದು. ಕೆಳಗೆ ನಿಂತು ಹಂಚು ಎತ್ತಿಕೊಡುವುದು ನನ್ನ ಪಾಲಿನ ಕೆಲಸ. ಒಂದು ಸಲ ಬೇಕೆಂತಲೇ ಒಂದು ಹಂಚನ್ನು ನೆಲಕ್ಕೆ ಹಾಕಿ ಒಡೆದೆ. ಕುಂಟಾಬಿಲ್ಲೆ ಆಡಲು ಒಳ್ಳೆಯ ಚೂರು ಬೇಕಿತ್ತು, ಅಷ್ಟೆ. ಅಪ್ಪ ಏಣಿ ಇಳಿದು ಬಂದರು. ಹೊಡೆಯಲಿಲ್ಲ. ಚೂರುಗಳನ್ನೆಲ್ಲ ಆರಿಸಿ ನನ್ನ ಲಂಗದ ಮಡಿಲಿಗೆ ಹಾಕಿ, "ಇದರ ಕೆಳಗೆ ಒಬ್ರು ಮಲಗೂದು ಮಗಾ" ಎಂದು ಮತ್ತೆ ಏಣಿ ಹತ್ತಿದರು. ಹೊಡೆದಿದ್ದರೆ ಎಂದೋ ಮರೆತುಹೋಗುತ್ತಿತ್ತು.

ಅಂಥವರ ಮಗಳು ಹಂಚು ಒಡೆಯುವವರ ಗುಂಪಿಗೆ ಸೇರಿದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಪ್ಯಾಂಟು.

ನಮ್ಮಲ್ಲಿ ದಿವಾಕರ ಮಾಸ್ಟ್ರು ಎಂಬವರು ಕರಾಟೆ ಹೇಳಿಕೊಡುತ್ತಾರೆ. ವಾರದಲ್ಲಿ ಎರಡು ದಿನ ಕೊಪ್ಪ, ಎರಡು ದಿನ ಶೃಂಗೇರಿ, ಭಾನುವಾರ ನರಸಿಂಹರಾಜಪುರ. ನಾರ್ವೆ, ಭಂಡಿಗಡಿಯಿಂದಲೂ ಮಕ್ಕಳು ಬಸ್ಸಿಗೆ ಬರುತ್ತಾರೆ. ಪೇಟೆಯಿಂದ ತರಿಸುವ ಬಿಳಿ ಡ್ರೆಸ್ಸು ನಮ್ಮ ಮಕ್ಕಳಿಗೆ ಒಂದೋ ಜೋತುಬೀಳುತ್ತದೆ, ಇಲ್ಲವೇ ಬಿಗಿಯುತ್ತದೆ ಎಂದು ಅವರು ಹೊಲಿಗೆ ನನಗೆ ವಹಿಸಿದರು. ನಾನು ಶಾಲೆಯ ಚಡ್ಡಿ ಹೊಲಿದ ಧೈರ್ಯದಲ್ಲೇ ಹೊಲಿದುಕೊಟ್ಟೆ. ಮೊದಲ ವಾರವೇ ಹನ್ನೊಂದು ಪ್ಯಾಂಟು ಕಾಲಿನ ಕವಲಿನಲ್ಲಿ ಹರಿದು ವಾಪಸು ಬಂದವು. ಮಾಸ್ಟ್ರು ಬೈಯಲಿಲ್ಲ, ಒಂದು ದಿನ ಬಂದು ಕ್ಲಾಸು ನೋಡಿ ಎಂದರು. ಹೋದೆ. ಮಕ್ಕಳ ಕಾಲು ಕಿವಿಯ ಮಟ್ಟಕ್ಕೆ ಹೋಗುವುದನ್ನು ನೋಡಿದ ಮೇಲೆ, ಕವಲಿಗೂ ಕಂಕುಳಿಗೂ ಒಂದೊಂದು ಚೌಕದ ತುಂಡು ಹೆಚ್ಚಿಗೆ ಸೇರಿಸಬೇಕೆಂದು ತಿಳಿಯಿತು. ತಿಳಿದ ಮೇಲೂ ವಾರವಾರ ಹೋಗಿ ಕೂರುತ್ತಿದ್ದೆ. ಗಂಡ ತೀರಿಕೊಂಡು ವರ್ಷವಾಗಿತ್ತು, ಸಂಜೆ ಹೊತ್ತು ಕಳೆಯುವುದು ಕಷ್ಟವಾಗಿತ್ತು. "ಕೂತು ನೋಡೂದಕ್ಕಿಂತ ನಿಂತು ನೋಡಿ ವಿಮಲಕ್ಕ" ಎಂದರು ಮಾಸ್ಟ್ರು. ನಲವತ್ತಾರನೇ ವಯಸ್ಸಿನಲ್ಲಿ ನಾನೇ ಹೊಲಿದ ಡ್ರೆಸ್ಸಿನೊಳಗೆ ನಾನೇ ಹೊಕ್ಕೆ. ಈಗ ಐವತ್ತಮೂರು. ಹಳದಿ ಬೆಲ್ಟಿನಲ್ಲಿ ನಿಂತಿದ್ದೇನೆ. ನನ್ನ ಕಾಲು ಎದುರಿನವರ ಮೊಣಕಾಲಿಗಿಂತ ಮೇಲೆ ಹೋದದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಎರಡು ವರ್ಷದ ಹಿಂದೆ ಶ್ರೀಲಂಕಾದಿಂದ ಒಬ್ಬ ಶಿಕ್ಷಕಿ ಬಂದಳು. ಹೆಸರು ನಿಲ್ಮಿಣಿ. ಮಾಸ್ಟ್ರಿಗೆ ಅವಳ ಪರಿಚಯವಾದದ್ದು ಚೆನ್ನೈಯ ಯಾವುದೋ ತರಬೇತಿಯಲ್ಲಿ. ಹೆಣ್ಣುಮಕ್ಕಳಿಗೆ ಹೆಂಗಸೊಬ್ಬಳು ಕಲಿಸಿದರೆ ಒಳ್ಳೆಯದು ಎಂದು ಹತ್ತು ದಿನಕ್ಕೆ ಕರೆಸಿದ್ದರು. ಉಳಿದುಕೊಂಡದ್ದು ನನ್ನ ಮನೆಯಲ್ಲಿ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಸಿಂಹಳ ಬಾರದು. ಅವಳ ಇಂಗ್ಲಿಷ್ ಅರ್ಧ, ನನ್ನದು ಕಾಲು. ಆದರೂ ಮೊದಲ ದಿನವೇ ಅವಳು ನನ್ನನ್ನು "ಅಕ್ಕ" ಎಂದಳು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ, ಅವರ ಭಾಷೆಯಲ್ಲೂ ಅಕ್ಕ ಎಂದರೆ ಅಕ್ಕನೇ ಅಂತೆ. ಮರುದಿನ ಬೆಳಿಗ್ಗೆ ನಾನು ಒತ್ತು ಶ್ಯಾವಿಗೆ ಮಾಡಲು ಶ್ಯಾವಿಗೆ ಒತ್ತುವ ಒರಳು ತೆಗೆದರೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒತ್ತತೊಡಗಿದಳು. ಅವರ ಮನೆಯ ದಿನನಿತ್ಯದ ತಿಂಡಿ ಅದು. ಅವಳ ಊರೂ ನಮ್ಮಂತೆಯೇ ಬೆಟ್ಟದ ಮೇಲೆ, ಸುತ್ತ ಚಹಾ ತೋಟ, ಅಲ್ಲೂ ಅಡಿಕೆ ಮರ. ಹೊರಡುವ ದಿನ ನಾನು ಹೊಲಿದ ಒಂದು ಡ್ರೆಸ್ಸು ಕೊಟ್ಟೆ. ಒಳಗಿನ ಹೊಲಿಗೆಯನ್ನು ಮಗುಚಿ ನೋಡಿ, ನಮ್ಮೂರಿನಲ್ಲೂ ನಿಮ್ಮಂಥವಳೊಬ್ಬಳು ಇದ್ದಾಳೆ, ಸೋಮಾವತಿ ಎಂದು, ನಮ್ಮ ಮಕ್ಕಳಿಗೆಲ್ಲ ಅವಳೇ ಹೊಲಿಯುವುದು ಎಂದಳು. ಆಗ ಅದು ಒಂದು ಹೆಸರು ಮಾತ್ರ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಆ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಟಿವಿಯಲ್ಲಿ ಬಂದ ಊರುಗಳ ಹೆಸರಿನಲ್ಲಿ ಅವಳ ಊರಿನದೂ ಇತ್ತು. ಮೂರು ದಿನ ಫೋನ್ ಹೋಗಲಿಲ್ಲ. ನಾಲ್ಕನೇ ದಿನ ಮಾಸ್ಟ್ರ ಮೊಬೈಲಿಗೆ ಅವಳ ಒಂದು ಸಾಲಿನ ಮೆಸೇಜು: ನಾನಿದ್ದೇನೆ, ಗುಡ್ಡ ಬಂತು.

ಗುಡ್ಡ ಬಂತು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಸಂಜೆ ಕ್ಲಾಸಿನಲ್ಲಿ ಯಾರೂ ಬೆಲ್ಟ್ ಕಟ್ಟಲಿಲ್ಲ. ಏನಾದರೂ ಮಾಡಬೇಕು ಎಂದು ಎಲ್ಲರೂ ಹೇಳಿದರು, ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡೆ. ಬಟ್ಟೆ. ನಾಲ್ಕೇ ದಿನದಲ್ಲಿ ಮೂರೂ ಊರಿನಿಂದ ಹಳೆಯ ಸೀರೆ, ಚೂಡಿದಾರ, ಅಂಗಿ ಸೇರಿಸಿ ಏಳು ಚೀಲ ಮಾಡಿದೆ. ಗುಂಡಿ ಹಾಕಿದೆ, ಹರಿದದ್ದನ್ನು ಸೇರಿಸಿ ಹೊಲಿದೆ. ಅಂಗಡಿಯಲ್ಲಿ ಗಿರಾಕಿಗೆ ನಿಲ್ಲಲು ಜಾಗವಿರಲಿಲ್ಲ. ಚೀಲಗಳ ಫೋಟೋ ತೆಗೆದು ನಿಲ್ಮಿಣಿಗೆ ಕಳಿಸಿದೆ, ಅವಳು ಅತ್ತೇ ಬಿಡುತ್ತಾಳೆ ಎಂದು ಕಾದೆ.

ಅವಳು ಫೋನ್ ಮಾಡಿದಳು. ನೋವಾಗದಂತೆ ಹೇಳಲು ಬಹಳ ಪ್ರಯತ್ನಪಟ್ಟಳು. ಶಾಲೆಯೊಂದರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ಅಂಗಳದಲ್ಲಿ ದಾನದ ಬಟ್ಟೆಯ ರಾಶಿ ಒದ್ದೆಯಾಗಿ ಕೊಳೆಯುತ್ತಿದೆ, ಅದನ್ನು ಸಾಗಿಸುವುದೇ ಒಂದು ಕೆಲಸವಾಗಿದೆ. ಅಕ್ಕ, ದಯವಿಟ್ಟು ಬಟ್ಟೆ ಬೇಡ. ದುಡ್ಡು ಬಂದರೆ ಬೇಕಾದದ್ದನ್ನು ಇಲ್ಲೇ ಕೊಳ್ಳಬಹುದು, ಇಲ್ಲಿಯ ಅಂಗಡಿಯವರೂ ಮುಳುಗಿದವರೇ.

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಎರಡು ದಿನ ನಾನು ಕ್ಲಾಸಿಗೆ ಹೋಗಲಿಲ್ಲ. ಊರು ಮುಳುಗಿದವರ ಮೇಲೆ ಮುನಿಸಿಕೊಂಡು ಏಳು ಚೀಲಗಳ ನಡುವೆ ಕೂತಿದ್ದೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಆ ಎರಡು ದಿನದಲ್ಲಿ ಉಳಿದವರು ಒಂದು ತೀರ್ಮಾನಕ್ಕೆ ಬಂದಿದ್ದರು. ಶೃಂಗೇರಿಯ ಶಾಲಾ ಮೈದಾನದಲ್ಲಿ ಪ್ರದರ್ಶನ ಮಾಡುವುದು, ಡಬ್ಬಿ ಇಡುವುದು, ಬಂದದ್ದನ್ನು ಬೆಂಗಳೂರಿನ ನಮ್ಮ ದೊಡ್ಡ ಕ್ಲಾಸಿನವರ ಮೂಲಕ ಬ್ಯಾಂಕಿನಿಂದ ಕಳಿಸುವುದು. ಪ್ರದರ್ಶನ ಎಂದ ಮೇಲೆ ಜನ ಬರುವುದು ಹಂಚು ಒಡೆಯುವುದನ್ನು ನೋಡಲು. ಹಂಚು ಎಂದ ಮೇಲೆ ಸವಿತಾ.

ಸವಿತಾ ಕೆರೆಕಟ್ಟೆ ಕಡೆಯ ಹುಡುಗಿ, ಶೃಂಗೇರಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಸಣ್ಣ ಮೈ, ಕಡಿಮೆ ಮಾತು. ಆರೇಳು ವರ್ಷದ ಹಿಂದೆ ನರಸಿಂಹರಾಜಪುರದ ಒಂದು ಕಾರ್ಯಕ್ರಮದಲ್ಲಿ ಅವಳು ಹತ್ತು ಹಂಚುಗಳನ್ನು ಒಂದೇ ಏಟಿಗೆ ಒಡೆದಾಗ ಒಂದು ತುಂಡು ನನ್ನ ಕಾಲ ಬಳಿ ಬಂದು ಬಿದ್ದಿತ್ತು. ನನ್ನ ಮೇಜಿನ ಮೇಲಿರುವುದು ಅದೇ. ಆಮೇಲೆ ಒಂದು ಮಳೆಗಾಲ ಅವರ ಮನೆಯ ಹಿಂದಿನ ಧರೆ ಜಾರಿ ಅಡುಗೆಮನೆಯ ಮೇಲೆ ಬಂತು. ಒಳಗೆ ಅವಳ ಅಜ್ಜಿ ಇದ್ದರು. ಎರಡು ವರ್ಷ ಅವಳು ಕ್ಲಾಸಿಗೆ ಬರಲಿಲ್ಲ. ತಿರುಗಿ ಬಂದ ಮೇಲೆ ಎಲ್ಲವನ್ನೂ ಮಾಡುತ್ತಿದ್ದಳು, ಚಿಕ್ಕ ಮಕ್ಕಳಿಗೆ ಕಲಿಸುತ್ತಲೂ ಇದ್ದಳು. ಹಂಚು ಮಾತ್ರ ಮುಟ್ಟಿರಲಿಲ್ಲ. ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಮಾಸ್ಟ್ರು ಕೇಳಿದಾಗ ಅವಳು ತಲೆಯಾಡಿಸಿದಳಂತೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು.

ಆ ಮಧ್ಯಾಹ್ನ ಮೈದಾನದ ಸುತ್ತ ಜನ ತುಂಬಿದ್ದರು. ಮೂರೂ ಊರಿನ ಅರವತ್ತು ಮಕ್ಕಳು ಬಿಳಿ ಡ್ರೆಸ್ಸಿನಲ್ಲಿ ಸಾಲಾಗಿ ನಿಂತಿದ್ದರು, ಕೊನೆಯ ಸಾಲಿನಲ್ಲಿ ನಾನು. ಒದೆತ, ತಡೆತ ಎಲ್ಲ ಆಯಿತು. ನಡುವೆ ಎರಡು ಸಿಮೆಂಟ್ ಇಟ್ಟಿಗೆಗಳ ಮೇಲೆ ಹನ್ನೆರಡು ಹಂಚು ಪೇರಿಸಿದರು. ಮಾಸ್ಟ್ರು ಮೈಕಿನಲ್ಲಿ ಹೆಸರು ಕರೆದರು. ಸವಿತಾ ಬಂದು ಮಂಡಿಯೂರಿ ಕೂತು, ಅಂದಾಜು ನೋಡುವವಳಂತೆ ಮೇಲಿನ ಹಂಚಿನ ಮೇಲೆ ಅಂಗೈ ಇಟ್ಟಳು. ಹಾಗೇ ಇದ್ದಳು. ಉಸಿರು ಹಿಡಿಯುತ್ತಿದ್ದಾಳೆ ಎಂದುಕೊಂಡೆವು. ಆಮೇಲೆ ಅವಳು ಮೇಲಿನ ಹಂಚನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಹುಲ್ಲಿನ ಮೇಲೆ ಇಟ್ಟಳು. ಅದರ ಕೆಳಗಿನದನ್ನೂ ಎತ್ತಿ ಇಟ್ಟಳು. ಆಮೇಲೆ ಮತ್ತೊಂದು. ಒಂದಕ್ಕೊಂದು ತಾಗಿ ಸದ್ದಾಗದಂತೆ, ಕೆಳಗೆ ಏನೋ ಇದೆ ಎಂಬಷ್ಟು ಜಾಗ್ರತೆಯಿಂದ ಹನ್ನೆರಡನ್ನೂ ತೆಗೆದಳು.

ಎದ್ದು ನಿಂತು ಮಾಸ್ಟ್ರಿಗೆ ಹೇಳಿದಳು. ಅವರ ಕೈಯಲ್ಲಿ ಮೈಕು ಹಾಗೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

"ಅಜ್ಜಿನ ಹುಡುಕುವಾಗ ಮೇಲಿದ್ದಿದ್ದು ಹಂಚೇ ಸರ್. ಹಿಂಗೇ ಒಂದೊಂದೇ ತೆಗ್ದಿದ್ದು. ಅವರ ಊರಲ್ಲೂ ಈಗ ಹಿಂಗೇ ತೆಗೀತಾ ಇರ್ತಾರೆ. ನಂಗೆ ಒಡೀಲಿಕ್ಕೆ ಆಗೂದಿಲ್ಲ."

ದಿವಾಕರ ಮಾಸ್ಟ್ರು ಸಿಟ್ಟಿನ ಮನುಷ್ಯ. ಹೇಳಿದ್ದನ್ನು ಮಾಡದಿದ್ದರೆ ನನ್ನ ವಯಸ್ಸಿನವಳನ್ನೂ ಬಿಡುವವರಲ್ಲ. ಅವರು ಮೈಕು ಆರಿಸಿ ಕೆಳಗಿಟ್ಟರು. ನಾವು ಗುರುಗಳಿಗೆ ಬಾಗುವ ಹಾಗೆ, ಕೈ ತೊಡೆಗೆ ಸೇರಿಸಿ, ಅವಳ ಎದುರು ಬಾಗಿದರು. "ಕೇಳೂ ಮೊದ್ಲು ನಾನು ಯೋಚ್ನೆ ಮಾಡ್ಬೇಕಿತ್ತು. ತಪ್ಪು ನಂದು" ಎಂದರು.

ಅವರದೊಬ್ಬರದೇ ತಪ್ಪಾಗಿರಲಿಲ್ಲ. ಮಾಡಿನ ಮೇಲೆ ಬದುಕು ಕಳೆದವರ ಮಗಳು ಹಿಂದಿನ ಸಾಲಿನಲ್ಲೇ ನಿಂತಿದ್ದಳು. ಅಷ್ಟು ವರ್ಷ ಪ್ರತಿ ಪ್ರದರ್ಶನದಲ್ಲೂ ಹಂಚು ಒಡೆಯುವಾಗ ನನ್ನ ಎದೆಯೊಳಗೆ ಏನೋ ಚುರುಕ್ ಎಂದದ್ದುಂಟು. ಚಪ್ಪಾಳೆಯ ನಡುವೆ ಅದನ್ನು ಕೇಳಿಸದ ಹಾಗೆ ಇದ್ದುಬಿಟ್ಟಿದ್ದೆ.

ಆಮೇಲೆ ಮಾಸ್ಟ್ರು ಎಲ್ಲರನ್ನೂ ಒಟ್ಟಿಗೆ ಒಂದು ಕಟಾ ಮಾಡಲು ಹೇಳಿದರು. ಕಟಾ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ ಒಬ್ಬೊಬ್ಬರೇ ಮಾಡುವ ಹೊಡೆತ ತಡೆತಗಳ ಒಂದು ಸಾಲು. ನಿಲ್ಮಿಣಿ ಇಲ್ಲಿದ್ದಾಗ ಕಲಿಸಿದ ಕಟಾ ಅದು. ಮಾಮೂಲಾಗಿ ನಡುವೆ ಎರಡು ಸಲ ಗಟ್ಟಿಯಾಗಿ ಕೂಗಬೇಕು. ಅಂದು ಕೂಗುವುದು ಬೇಡ ಎಂದರು. ಅರವತ್ತು ಜನರ ಕಾಲು ನೆಲಕ್ಕೆ ತಾಗುವ ಸದ್ದು, ನಾನು ಹೊಲಿದ ತೋಳುಗಳು ಗಾಳಿಗೆ ಬೀಸುವ ಸದ್ದು, ಅಷ್ಟೇ. ನಾನು ಎರಡು ಕಡೆ ದಿಕ್ಕು ತಪ್ಪಿ ಪಕ್ಕದ ಹುಡುಗಿಗೆ ಎದುರಾದೆ. ಅವಳು ನಗಲಿಲ್ಲ, ಭುಜ ಹಿಡಿದು ತಿರುಗಿಸಿದಳು. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಲಿಲ್ಲ. ಸಾಲಾಗಿ ಬಂದು ಡಬ್ಬಿಗೆ ಹಾಕಿ ಹೋದರು. ಹನ್ನೆರಡು ಹಂಚುಗಳು ಸವಿತಾಳ ನೆರೆಮನೆಯ ಕೊಟ್ಟಿಗೆಯ ಮಾಡಿಗೆ ಹೋದವು.

ಆ ಹಣದಿಂದ ನಿಲ್ಮಿಣಿ ಮೊದಲು ಕೊಂಡದ್ದು ಕುಡಿಯುವ ನೀರಿನ ಡ್ರಮ್ಮು, ಹೆಂಗಸರಿಗೆ ಒಳಉಡುಪು, ಯಾರೂ ಕಳಿಸಬೇಕೆಂದು ಯೋಚಿಸದಂಥ ವಸ್ತುಗಳು. ಎಲ್ಲದರ ಫೋಟೋ ಕಳಿಸಿದಳು. ಕೊನೆಗೆ ಒಂದು ಮಾತು ಕೇಳಿದಳು. ಶಾಲೆಯ ಜಗಲಿಯಲ್ಲಿ ಅವಳು ಮತ್ತೆ ಕ್ಲಾಸು ಶುರು ಮಾಡಿದ್ದಳು. ಮಳೆಯ ಹನಿ ತಗಡಿನ ಮೇಲೆ ಬಿದ್ದರೆ ಮಕ್ಕಳು ಎದ್ದು ಓಡುತ್ತಾರೆ, ಕ್ಲಾಸಿನ ಒಂದು ಗಂಟೆ ಮಾತ್ರ ಓಡುವುದಿಲ್ಲ ಎಂದಳು. ಆ ಮಕ್ಕಳು ಡ್ರೆಸ್ಸು ಕೇಳುತ್ತಿದ್ದಾರೆ. "ಇಲ್ಲಿ ಎಲ್ರೂ ಬೇರೆಯವರ ಬಟ್ಟೆಯೊಳಗಿದ್ದಾರೆ ಅಕ್ಕ," ಎಂದಳು ತನ್ನ ಅರ್ಧ ಇಂಗ್ಲಿಷಿನಲ್ಲಿ. "ಯಾರಿಗೂ ಯಾವುದೂ ಸರಿಯಾಗುತ್ತಿಲ್ಲ."

ನನ್ನ ಏಳು ಚೀಲಗಳ ಕಡೆ ನೋಡಿದೆ. ಬಟ್ಟೆ ಬೇಡ ಎಂದದ್ದು ಯಾಕೆಂದು ಆಗ ಅರ್ಥವಾಯಿತು.

ನಾನೇ ಹೊಲಿದು ಕಳಿಸುತ್ತೇನೆ ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡು, ನಿಮ್ಮ ಟೈಲರ್ ಎಲ್ಲಿ ಎಂದು ಕೇಳಿದೆ. ಸೋಮಾವತಿ ಅದೇ ಶಾಲೆಯಲ್ಲಿ ಇದ್ದಾಳೆ, ಅಂಗಡಿಗೆ ನೀರು ನುಗ್ಗಿ ಮಿಷನ್ನು ಹೋಯಿತು, ದಿನವಿಡೀ ಗೋಡೆಗೆ ಒರಗಿ ಕೂತಿರುತ್ತಾಳೆ ಎಂದಳು. ಇಲ್ಲಿಂದ ಡ್ರೆಸ್ಸು ಹೋಗುವ ಬದಲು ಅಲ್ಲಿಗೆ ಹೊಲಿಗೆ ಮಿಷನ್ನು, ಬಟ್ಟೆ, ಹೊಲಿಗೆಯ ಕೂಲಿ ಹೋಗಲಿ ಎಂದು ನಾನು ಕ್ಲಾಸಿನಲ್ಲಿ ಹೇಳಿದೆ. ಸವಿತಾ ಮೊದಲು ಕೈ ಎತ್ತಿದಳು.

ಮಿಷನ್ನು ಅಲ್ಲಿಗೆ ತಲುಪಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದೆವು. ಸೋಮಾವತಿ ಬರೀ ಅಂದಾಜಿನಲ್ಲಿ ಕತ್ತರಿಸಿ ಅಭ್ಯಾಸವಿದ್ದವಳು, ಈಗ ಅಂದಾಜು ಸಿಗುತ್ತಿಲ್ಲ, ಯಾರಾದರೂ ಜೊತೆಗಿದ್ದರೆ ಧೈರ್ಯ ಎಂದಳಂತೆ. ನನ್ನ ಅಂಗಡಿಯಲ್ಲಿ ನಾನು, ಮಾಸ್ಟ್ರು, ಶೃಂಗೇರಿಯಿಂದ ಬಂದ ಸವಿತಾ. ಆ ಕಡೆ ಶಾಲೆಯ ಕೋಣೆ. ಸೋಮಾವತಿ ನನ್ನದೇ ಪ್ರಾಯದವಳು, ಕೊರಳಿಗೆ ಹೊಸ ಟೇಪು. ಒಬ್ಬೊಬ್ಬರಾಗಿ ಮಕ್ಕಳು ಅವಳ ಮುಂದೆ ಬಂದು ನಿಂತರು. ಅವಳು ಎದೆ, ಭುಜ, ತೋಳು, ಸೊಂಟ, ಕಾಲು ಎಂದು ಮುಟ್ಟಿ ತೋರಿಸಿ ಅಂಕಿ ಹೇಳುತ್ತಿದ್ದಳು. ಅಂಕಿಗೆ ಇಬ್ಬರದೂ ಇಂಗ್ಲಿಷ್ ಸಾಲುತ್ತಿತ್ತು. ನಾನು ಬರೆದುಕೊಂಡು, ಇಂಥ ಮೈಗೆ ಇಷ್ಟು ಬಿಡಬೇಕು ಎಂದು ನನ್ನ ಬಟ್ಟೆಯಲ್ಲೇ ಸೀಮೆಸುಣ್ಣದ ಗೆರೆ ಎಳೆದು ತೋರಿಸುತ್ತಿದ್ದೆ. ಕವಲಿನ ಚೌಕದ ತುಂಡು ತೋರಿಸಿದಾಗ ಅವಳು ಮೊದಲ ಸಲ ನಕ್ಕಳು. ಅವಳೂ ಅದನ್ನು ಹಾಗೇ ಹಾಕುವವಳಂತೆ. ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ, ಹರಿದು ವಾಪಸು ಬಂದ ಪ್ಯಾಂಟುಗಳು ಎಂದಳು. ನಾನೂ ನಕ್ಕೆ.

ಇಪ್ಪತ್ತೆರಡು ಮಕ್ಕಳದು ಮುಗಿಯಿತು. ಅಳತೆಗೆ ಇನ್ಯಾವ ಮಗುವೂ ಉಳಿದಿರಲಿಲ್ಲ. ಸೋಮಾವತಿ ಟೇಪನ್ನು ಬೆರಳಿಗೆ ಸುತ್ತುತ್ತಾ, ಎದುರಿಗೆ ಯಾರೂ ಇಲ್ಲದೆ ಮತ್ತೆ ಅಂಕಿ ಹೇಳತೊಡಗಿದಳು. ಎದೆ ಇಪ್ಪತ್ತಾರು. ಭುಜ ಹನ್ನೆರಡು. ನಾನು ಎರಡು ಅಂಕಿ ಬರೆದ ಮೇಲೆ ತಲೆಯೆತ್ತಿ, ಇದು ಯಾರದು ಎಂದು ನಿಲ್ಮಿಣಿಯನ್ನು ಕೇಳಿದೆ.

ನಿಲ್ಮಿಣಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಹಿರುಣಿಯದು ಎಂದಳು. ಸೋಮಾವತಿಯ ಮಗಳು, ಹನ್ನೊಂದು ವರ್ಷ, ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು. ಗುಡ್ಡ ಬಂದ ದಿನ ತಾಯಿ ಪೇಟೆಯ ಅಂಗಡಿಯಲ್ಲಿದ್ದಳು, ಮಗಳು ಗುಡ್ಡದ ಬುಡದ ಮನೆಯಲ್ಲಿ. ಇಷ್ಟು ದಿನ ನನಗೆ ಅದನ್ನು ಹೇಳಿರಲಿಲ್ಲ, ಹೇಗೆ ಹೇಳುವುದೆಂದು ತಿಳಿಯಲಿಲ್ಲ ಎಂದಳು.

ನನ್ನ ಪೆನ್ನು ನಿಂತಿತ್ತು. ಬರೆಯುವುದೋ, ಬಿಡುವುದೋ. ಮಾಸ್ಟ್ರು ಬಾಗಿಲ ಕಡೆ ಮುಖ ತಿರುಗಿಸಿದ್ದರು. ಆ ಕಡೆಯಿಂದ ಸೋಮಾವತಿಯ ದನಿ ಇನ್ನೂ ಕೇಳುತ್ತಿತ್ತು, ತೋಳಿನ ಅಳತೆ ಹೇಳುತ್ತಿದ್ದಳು.

"ಬರ್ಕೊಳ್ಳಿ ಅಕ್ಕ," ಎಂದಳು ಸವಿತಾ ನನ್ನ ಪಕ್ಕದಿಂದ. "ಅವ್ರು ಹೇಳ್ತಾ ಇದ್ದಾರಲ್ಲ."

ಬರೆದೆ. ತೋಳು, ಸೊಂಟ, ಕಾಲಿನ ಉದ್ದ. ಬರೆದದ್ದನ್ನು ಉಳಿದ ಮಕ್ಕಳದರಂತೆಯೇ ಓದಿ ಹೇಳಿದೆ. ಸೋಮಾವತಿ ಪ್ರತಿ ಅಂಕಿಗೂ ತಲೆಯಾಡಿಸಿದಳು. ಈ ವಯಸ್ಸಿಗೆ ಮಕ್ಕಳು ಬೇಗ ಬೆಳೆಯುತ್ತವೆ, ಕೆಳಗೆ ಎರಡು ಇಂಚು ಮಡಿಚಿಡು ಎಂದು ನಾನು ಎಲ್ಲರದಕ್ಕೂ ಹೇಳಿದ್ದೆ. ಇದಕ್ಕೆ ಹೇಳಲಿಲ್ಲ. ಹೇಳದೆ ಇದ್ದದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರು ವಾರದಲ್ಲಿ ಇಪ್ಪತ್ಮೂರು ಡ್ರೆಸ್ಸುಗಳೂ ಆದವು. ಶಾಲೆಯ ಜಗಲಿಯಲ್ಲಿ ಮಕ್ಕಳು ಸಾಲಾಗಿ ನಿಂತ ಫೋಟೋ ಬಂತು. ತೋಳು ಮಣಿಕಟ್ಟಿನಲ್ಲಿ, ಕಾಲು ಹರಡಿನಲ್ಲಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಸೋಮಾವತಿಗೆ ಆಮೇಲೆ ಪೇಟೆಯಲ್ಲಿ ಸಣ್ಣದೊಂದು ಜಾಗ ಸಿಕ್ಕಿತು. ಮಗಳ ಡ್ರೆಸ್ಸನ್ನು ಮಿಷನ್ನಿನ ಪಕ್ಕದ ಗೋಡೆಗೆ ತೂಗುಹಾಕಿದ್ದಾಳೆ ಎಂದು ನಿಲ್ಮಿಣಿ ಹೇಳಿದ್ದಳು. ನನ್ನ ಏಳು ಚೀಲಗಳು ಎಲ್ಲಿ ಹೋದವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಂಗಡಿಗೆ ಬಂದು ಕಾಲೊರೆಸುವ ಬಟ್ಟೆ ನೋಡಿದವರಿಗೆ ಗೊತ್ತಾಗುತ್ತದೆ.

ಈಚೆಗೆ ಒಂದು ದಿನ ನಿಲ್ಮಿಣಿ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು. ಪಕ್ಕದ ಬೆಟ್ಟದಿಂದ ಮನೆ ಕಳೆದುಕೊಂಡು ಬಂದ ಒಂದು ಕುಟುಂಬದ ಹುಡುಗಿ ಕ್ಲಾಸಿಗೆ ಸೇರಿದ್ದಾಳೆ. ಹತ್ತೋ ಹನ್ನೊಂದೋ ವರ್ಷ, ತೆಳ್ಳಗಿನ ಮೈ, ಡ್ರೆಸ್ಸಿಲ್ಲ. ಅವಳನ್ನು ನೋಡಿದವರಿಗೆಲ್ಲ ಗೋಡೆಯ ಮೇಲಿನ ಡ್ರೆಸ್ಸೇ ನೆನಪಾಯಿತು. ಕೊನೆಗೆ ನಿಲ್ಮಿಣಿಯೇ ಹುಡುಗಿಯನ್ನು ಕರೆದುಕೊಂಡು ಸೋಮಾವತಿಯ ಅಂಗಡಿಗೆ ಹೋದಳು. ಡ್ರೆಸ್ಸು ಕೇಳಬೇಕಾಗಿಯೇ ಬರಲಿಲ್ಲ. ಸೋಮಾವತಿ ಎದ್ದು ಗೋಡೆಯಿಂದ ಡ್ರೆಸ್ಸು ತೆಗೆದಳು. ಹುಡುಗಿಯ ಬೆನ್ನಿಗೆ ಹಿಡಿದು ನೋಡಿದಳು. ಭುಜದಲ್ಲಿ ಅರ್ಧ ಇಂಚು ಆಚೀಚೆ, ಮತ್ತೆಲ್ಲ ಸರಿಯೇ ಇತ್ತು.

ಭುಜದ ಹೊಲಿಗೆಯ ಮೇಲೆ ಬೆರಳು ಆಡಿಸಿದಳಂತೆ. ಆಮೇಲೆ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು, ಕೊರಳಿಂದ ಟೇಪು ತೆಗೆದು ಹುಡುಗಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಈ ಮಗುವಿಗೆ ತನ್ನದೇ ಅಳತೆ ಇದೆ" ಎಂದಳು.

ಸಂಜೆಯೊಳಗೆ ಹೊಸತೊಂದು ಹೊಲಿದು ಕೊಟ್ಟಳಂತೆ.